ಕಬ್ಬಿಣ ಮುಟ್ಟದ ಕಲ್ಲು

ಬೇತ್‌ಹರೂಲ್ ಊರಿನ ಗುಡ್ಡದ ಮೇಲಿದ್ದ ಬಲಿಪೀಠವು ಆ ವರ್ಷದ ಹಿಂಗಾರು ಮಳೆಗೆ ಕುಸಿದು ಬಿದ್ದಿತು. ಊರ ಹೆಬ್ಬಾಗಿಲ ಬಳಿ ಹಿರಿಯರು ಮೂರು ದಿನ ಕೂತು ವಿಚಾರಣೆ ನಡೆಸಿ, ಅದು ಯಾರ ತಪ್ಪಿನಿಂದಲೂ ಬಿದ್ದಿಲ್ಲವೆಂದು ತೀರ್ಮಾನಿಸಿದರು. ಯಾರ ತಪ್ಪೂ ಅಲ್ಲವಾದ್ದರಿಂದ ಅದನ್ನು ಮತ್ತೆ ಎತ್ತಿ ನಿಲ್ಲಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಆದಕಾರಣ ಬಲಿಪೀಠ ಸಿದ್ಧತಾ ಮಂಡಳಿಯನ್ನು ನೇಮಿಸಲಾಯಿತು.

ಹಳೆಯ ಪೀಠವನ್ನು ಮುತ್ತಜ್ಜಂದಿರ ಕಾಲದಲ್ಲಿ ಹನ್ನೆರಡು ಮಂದಿ ಸೇರಿ ಒಂದು ಬೆಳಗ್ಗೆ ಕಟ್ಟಿದ್ದರು. ಹೊಲದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಹೊತ್ತು ತಂದು, ಒಂದರ ಮೇಲೊಂದು ಪೇರಿಸಿ, ಸಂದಿಗೆ ಮಣ್ಣು ತುರುಕಿ, ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಮನೆ ಸೇರಿದ್ದರು. ದೇವರು ಕೇಳಿದ್ದೂ ಅಷ್ಟೇ. ಮಣ್ಣಿನದಾದರೂ ಸರಿ, ಕಲ್ಲಿನದಾದರೂ ಸರಿ. ಕಲ್ಲಿನದಾದರೆ ಕಬ್ಬಿಣ ತಾಗಿಸಿ ಕೆತ್ತಬೇಡಿ. ಮಂಡಳಿಯ ಬರಹಗಾರನಾಗಿ ನೇಮಕಗೊಂಡ ದೇವರ ಸೇವೆಗೆ ಮೀಸಲಾದ ಲೇವಿಯ ಕುಲದ ಗೆಮಲ್ಲಿ ಮೊದಲ ಸಭೆಯಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟ. ಹೆಚ್ಚು ಕೇಳುವವರಿಗೆ ಒಂದೆರಡು ಕಡಿಮೆ ಬಿದ್ದರೂ ನಡೆದುಹೋಗುತ್ತದೆ, ಇಷ್ಟು ಕಡಿಮೆ ಕೇಳುವವರ ವಿಷಯದಲ್ಲಿ ಬಹಳ ಹುಷಾರಾಗಿರಬೇಕು ಎಂದ. ಅಧ್ಯಕ್ಷರಾದ ಯಾಜಕ ಎಲೀದಾದರು ತಲೆಯಾಡಿಸಿದರು. ಅವರು ಒಳ್ಳೆಯ ಮನುಷ್ಯರು. ಊಟ ಮಾಡುವಾಗ ಯಾವ ಮಾತಿಗೂ ಅಡ್ಡ ಹೇಳುತ್ತಿರಲಿಲ್ಲ, ಮತ್ತು ಮಂಡಳಿಯ ಸಭೆಗಳೆಲ್ಲ ಊಟದ ಹೊತ್ತಿಗೇ ನಡೆಯುತ್ತಿದ್ದವು.

ಪೀಠ ಬಿದ್ದದ್ದರಿಂದ ನಿಜವಾಗಿ ಸಂಕಟಕ್ಕೆ ಸಿಕ್ಕಿಕೊಂಡವನು ಊರಲ್ಲಿ ಒಬ್ಬನೇ, ದ್ರಾಕ್ಷಿ ತೋಟದ ಇತ್ರಾನ್.

ಇತ್ರಾನನಿಗೂ ಕುಂಬಾರ ಹೆಲ್ದಾಯನ ಮಗಳು ಹೊಗ್ಲಾಳಿಗೂ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಹೊಗ್ಲಾಳಿಗೆ ಜ್ವರ ಬಂದು ಮೈ ಕೆಂಡವಾಗಿ, ಹೆಣ್ಣು ಉಳಿಯುವುದಿಲ್ಲವೆಂದು ನೆರೆಯವರು ಅಳುವುದಕ್ಕೆ ಸಿದ್ಧರಾಗಿ ಬಂದು ಕೂತಿದ್ದರು. ಇತ್ರಾನ್ ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹರಕೆ ಹೊತ್ತ. ಇವಳು ಉಳಿದರೆ ಮೂವತ್ತು ದಿನ ನಾಜೀರ ವ್ರತ ಹಿಡಿಯುತ್ತೇನೆ, ಕೊನೆಗೆ ನಮ್ಮ ಗುಡ್ಡದ ಪೀಠದ ಮೇಲೇ ಕುರಿಮರಿ ಅರ್ಪಿಸುತ್ತೇನೆ ಎಂದ. ಹೊಗ್ಲಾ ಉಳಿದಳು. ಮೂರನೆಯ ದಿನ ಎದ್ದು ಬೇಳೆ ಸಾರು ಕೇಳಿದಳು.

ನಾಜೀರನಾದವನು ತಲೆಗೆ ಕತ್ತಿ ತಾಗಿಸುವಂತಿಲ್ಲ. ದ್ರಾಕ್ಷಾರಸ ಕುಡಿಯುವಂತಿಲ್ಲ, ಹಣ್ಣು, ಒಣಹಣ್ಣು, ಬೀಜ, ಸಿಪ್ಪೆ ಯಾವುದನ್ನೂ ಬಾಯಿಗಿಡುವಂತಿಲ್ಲ. ದ್ರಾಕ್ಷಿ ತೋಟದವನಿಗೆ ಇದು ಮೀನಿಗೆ ನೀರು ಬೇಡವೆಂದಂತೆ. ಆದರೂ ಮೂವತ್ತು ದಿನ ತಾನೆ ಎಂದು ಇತ್ರಾನ್ ಹಲ್ಲು ಕಚ್ಚಿಕೊಂಡ. ತೊಡಕೆಂದರೆ ವ್ರತ ಮುಗಿಯುವುದು ದಿನ ಮುಗಿದಾಗಲ್ಲ. ಒಂದು ವರ್ಷದ, ಊನವಿಲ್ಲದ ಕುರಿಮರಿಯನ್ನು ಅರ್ಪಿಸಿ, ಪೀಠದ ಎದುರಿಗೇ ತಲೆ ಬೋಳಿಸಿಕೊಂಡು, ಆ ಕೂದಲನ್ನು ಬೆಂಕಿಗೆ ಹಾಕಿದಾಗ. ವ್ರತದ ಎಂಟನೆಯ ದಿನ ಪೀಠ ಬಿತ್ತು.

ಪಕ್ಕದೂರಿನ ಪೀಠಕ್ಕೆ ಹೋಗಿ ಮುಗಿಸಿಕೊಂಡು ಬಾ ಎಂದು ಕೆಲವರು ಹೇಳಿದರು. ಆದರೆ 'ನಮ್ಮ ಗುಡ್ಡದ ಪೀಠದ ಮೇಲೇ' ಎಂದು ಅವನು ಹೇಳಿದ್ದನ್ನು ಅಳಲು ಬಂದಿದ್ದ ಹದಿನೇಳು ಮಂದಿ ಕಿವಿಯಾರೆ ಕೇಳಿದ್ದರು. ಇನ್ನು ಮದುವೆಯನ್ನಾದರೂ ಮಾಡಿಕೊಳ್ಳೋಣವೆಂದರೆ, ಬೇತ್‌ಹರೂಲಿನಲ್ಲಿ ಗಂಡು ಹೆಣ್ಣು ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯದೆ ಮದುವೆ ಆದಂತಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಯಿತು. ಹೊಗ್ಲಾ ತಾನೇ ಒಂದು ಜಾಡಿ ಮಾಡಿ, ಸುಟ್ಟು, ಇತ್ರಾನನ ತೋಟದ ರಸ ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿ ಮನೆಯ ತಂಪು ಮೂಲೆಯಲ್ಲಿ ಇಟ್ಟಳು. ಇನ್ನು ಇಪ್ಪತ್ತೆರಡು ದಿನ ತಾನೆ ಎಂದಳು.

ಮಂಡಳಿ ತನ್ನ ಆಜ್ಞೆಗಳನ್ನು ಬೋಕಿಗಳ ಮೇಲೆ, ಅಂದರೆ ಒಡೆದ ಮಡಕೆಯ ಚೂರುಗಳ ಮೇಲೆ, ಮಸಿಯಲ್ಲಿ ಬರೆದು ಹೆಬ್ಬಾಗಿಲಿಗೆ ತೂಗುಹಾಕುತ್ತಿತ್ತು. ಇದು ಎಲ್ಲ ಊರಿನ ಪದ್ಧತಿ. ಮೊದಲನೆಯ ಬೋಕಿಯಲ್ಲಿ, ಮನೆಗೆ ಹತ್ತರಂತೆ ಕೆತ್ತದ ಕಲ್ಲುಗಳನ್ನು ತಂದೊಪ್ಪಿಸತಕ್ಕದ್ದು ಎಂದಿತ್ತು. ಊರಿಗೆ ಊರೇ ಹುರುಪಿನಿಂದ ಕಲ್ಲು ಹೊತ್ತಿತು. ಇತ್ರಾನ್ ಒಬ್ಬನೇ ಕತ್ತೆಯ ಮೇಲೆ ನಲವತ್ತು ಕಲ್ಲು ಹೇರಿ ತಂದ. ನಾಲ್ಕೇ ದಿನದಲ್ಲಿ ಗುಡ್ಡದ ಮೇಲೆ ಎರಡು ಪೀಠಕ್ಕಾಗುವಷ್ಟು ರಾಶಿ ಬಿತ್ತು.

ಗೆಮಲ್ಲಿ ರಾಶಿಯನ್ನು ಸುತ್ತು ಹಾಕಿ ಎರಡನೆಯ ಬೋಕಿ ಬರೆದ. ಹೊಲದ ಕಲ್ಲುಗಳಿಗೆ ನೇಗಿಲ ಗುಳ ತಾಗಿರಬಹುದು, ಗುಳ ಕಬ್ಬಿಣದ್ದು, ಆದ್ದರಿಂದ ಉತ್ತ ನೆಲದ ಕಲ್ಲುಗಳು ಸ್ವೀಕಾರಾರ್ಹವಲ್ಲ. ಜನ ಹೊಲದ ಕಲ್ಲುಗಳನ್ನು ಮರಳಿ ಹೊಲಕ್ಕೆ ಹೊತ್ತು, ಹಳ್ಳದಾಚೆಯ ಬೀಳು ನೆಲದಿಂದ ಬೇರೆ ಕಲ್ಲು ತಂದರು. ಮೂರನೆಯ ಬೋಕಿಯಲ್ಲಿ, ಪರಿಶೀಲಿಸಿದ ಕಲ್ಲೂ ಪರಿಶೀಲಿಸದ ಕಲ್ಲೂ ಬೆರೆತುಹೋಗುತ್ತಿರುವುದರಿಂದ ಪರಿಶೀಲಿಸಿದ್ದಕ್ಕೆ ಗುರುತು ಹಾಕತಕ್ಕದ್ದು ಎಂದು ಬಂತು. ಇದ್ದಿಲಿನ ಗುರುತು ಮಳೆಗೆ ತೊಳೆದುಹೋಯಿತು. ಕೆಂಪು ಮಣ್ಣಿನ ಗುರುತನ್ನು ಮೇಕೆಗಳು ನೆಕ್ಕಿದವು. ಬಹಳ ಯೋಚನೆ ನಡೆದ ಮೇಲೆ, ಅಳಿಯದ ಗುರುತು ಒಂದೇ, ಕೆತ್ತಿದ ಗುರುತು ಎಂದು ಮಂಡಳಿ ಒಮ್ಮತಕ್ಕೆ ಬಂತು.

ಊರಿನ ಕಲ್ಲುಕುಟಿಗ ಬುಕ್ಕಿ ಆವರೆಗೆ ಕೈಕಟ್ಟಿ ಕೂತಿದ್ದ. ಕೆತ್ತದ ಕಲ್ಲಿನ ಕಟ್ಟಡದಲ್ಲಿ ಕೆತ್ತುವವನಿಗೆ ಏನು ಕೆಲಸ? ಅವನನ್ನು ಕರೆಸಿ, ಪ್ರತಿ ಕಲ್ಲಿನ ಮುಖದ ಮೇಲೆ 'ಕಬ್ಬಿಣ ಮುಟ್ಟಿಲ್ಲ' ಎಂದು ಅಂದವಾಗಿ ಕೆತ್ತುವ ಕೆಲಸಕ್ಕೆ ಹಚ್ಚಿದರು. ಬುಕ್ಕಿಯ ಅಕ್ಷರಗಳು ಮುತ್ತಿನಂಥವು. ಉಳಿಯ ಸದ್ದು ಊರಿಗೆಲ್ಲ ಕೇಳತೊಡಗಿದಾಗ, ಅಂತೂ ಕೆಲಸ ಶುರುವಾಯಿತು ಎಂದು ಜನ ಸಂತೋಷಪಟ್ಟರು.

ಇತ್ರಾನ್ ಮಾತ್ರ ಗುಡ್ಡ ಹತ್ತಿ ಹೋಗಿ ಬುಕ್ಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಅಷ್ಟು ಹೊತ್ತಿಗೆ ಅವನ ಕೂದಲು ಭುಜಕ್ಕೆ ಇಳಿದಿತ್ತು.

"ಬುಕ್ಕಿ, ನಿನ್ನ ಕೈಲಿರೋ ಉಳಿ ಯಾತರದ್ದು?"

"ಕಬ್ಬಿಣದ್ದು ಕಣೋ ಜಡೆಯಪ್ಪ. ಮೇಣದ ಉಳೀಲಿ ಕಲ್ಲು ಕೆತ್ತಕ್ಕಾಗುತ್ತಾ?"

"ಮತ್ತೆ ಕಬ್ಬಿಣ ಮುಟ್ಟಿಲ್ಲ ಅಂತ ಬರೀತಾ ಇದ್ದೀಯಲ್ಲ."

ಬುಕ್ಕಿ ಪುಡಿಯನ್ನು ಊದಿ, ಅಕ್ಷರವನ್ನು ಬೆರಳಲ್ಲಿ ಸವರಿ ನೋಡಿದ. "ನಾನು ಕೆತ್ತೋಕೆ ಶುರು ಮಾಡೋವಾಗ ಮುಟ್ಟಿರಲಿಲ್ಲ. ಆಗಿನ ಮಾತು ಬರೆದಿದ್ದೀನಿ. ಮನೇಲಿ ಒಂಬತ್ತು ಬಾಯಿ ಇವೆಯಪ್ಪ, ಮಿಕ್ಕಿದ್ದು ನನ್ನ ಕೇಳ್ಬೇಡ."

ಸುಗ್ಗಿ ಕಳೆದ ಮೇಲೆ ಮರುಪರಿಶೀಲನೆ ನಡೆಯಿತು. ಮರುಪರಿಶೀಲಕನೂ ಗೆಮಲ್ಲಿಯೇ. ಗುಡ್ಡದ ಮೂಡಣ ಬದಿಯಲ್ಲಿ ಕೂತಾಗ ಅವನು ಪರಿಶೀಲಕ, ಪಡುವಣ ಬದಿಗೆ ಹೋಗಿ ಕೂತಾಗ ಮರುಪರಿಶೀಲಕ. ಪಡುವಣ ಬದಿಯಿಂದ ನೋಡಿದಾಗ ಪ್ರತಿಯೊಂದು ಕಲ್ಲಿನ ಮೇಲೂ ಉಳಿಯ ಗುರುತು ಕಂಡು ಅವನಿಗೆ ಆಘಾತವಾಯಿತು. ಒಂದೊಂದು ಕಲ್ಲಿಗೂ ಒಂದೊಂದು ಬೋಕಿಯಂತೆ ತಿರಸ್ಕಾರದ ಆಜ್ಞೆ ಹೊರಟಿತು. ಇತ್ರಾನ್ ಅವನ ಮುಂದೆ ಹೋಗಿ ನಿಂತು, ಈ ಗುರುತು ನಿಮ್ಮ ಗುರುತೇ ಅಲ್ಲವೇ ಅಯ್ಯನವರೇ ಎಂದು ಕೇಳಿದ.

ಗೆಮಲ್ಲಿ ಸಿಟ್ಟಾಗಲಿಲ್ಲ. ಅವನಿಗೆ ಯಾವತ್ತೂ ಸಿಟ್ಟು ಬರುತ್ತಿರಲಿಲ್ಲ, ಅದೇ ಅವನಲ್ಲಿ ಭಯ ಹುಟ್ಟಿಸುವ ಗುಣ.

"ಇತ್ರಾನ್, ಗುರುತಿಲ್ಲದ ಕಲ್ಲು ಇಟ್ಟು ಪೀಠ ಕಟ್ಟಿದ್ವಿ ಅಂತಿಟ್ಕೊ. ನಾಳೆ ಯಾರಾದ್ರೂ ಬಂದು ಕಬ್ಬಿಣ ಮುಟ್ಟಿಲ್ಲ ಅನ್ನೋದಕ್ಕೆ ಆಧಾರ ಏನು ಅಂದ್ರೆ ಏನು ತೋರಿಸ್ತೀಯ?"

"ಕಲ್ಲನ್ನೇ ತೋರಿಸ್ತೀನಿ. ಗುರುತಿಲ್ಲ ನೋಡಿ ಅಂತೀನಿ."

"ಗುರುತಿಲ್ಲದ್ದು ಆಧಾರ ಆಗುತ್ತಾ? ನಿನ್ನ ಜಡೇನೇ ನೋಡು. ಕಂಡಿದ್ದಕ್ಕೇ ನೀನು ವ್ರತದಲ್ಲಿದ್ದೀಯ ಅಂತ ನಾವು ನಂಬಿರೋದು."

ತಿರಸ್ಕೃತ ಕಲ್ಲುಗಳು ಪವಿತ್ರ ಸ್ಥಳದಲ್ಲಿ ಬಿದ್ದಿರುವುದು ಸರಿಯಲ್ಲವೆಂದು ಮಂಡಳಿಯ ಸದಸ್ಯರು ಅವುಗಳನ್ನು ಸ್ವಂತ ಶ್ರಮದಿಂದ ತಮ್ಮ ತಮ್ಮ ಮನೆಗಳಿಗೆ ಸಾಗಿಸಿಕೊಂಡರು. ಆ ಚಳಿಗಾಲದಲ್ಲಿ ಗೆಮಲ್ಲಿಯ ಮನೆಗೆ ಹೊಸ ಗೋಡೆ ಎದ್ದಿತು. ಯಾಜಕರ ಕೊಟ್ಟಿಗೆ ಎರಡು ಅಂಕಣ ಬೆಳೆಯಿತು. ಬೀದಿಯಲ್ಲಿ ಹೋಗುವವರಿಗೆ ಗೋಡೆಯುದ್ದಕ್ಕೂ 'ಕಬ್ಬಿಣ ಮುಟ್ಟಿಲ್ಲ, ಕಬ್ಬಿಣ ಮುಟ್ಟಿಲ್ಲ' ಎಂದು ಕಾಣುತ್ತಿತ್ತು. ನೋಡಲು ಚೆನ್ನಾಗಿಯೇ ಇತ್ತು.

ಎರಡನೆಯ ವರ್ಷವೂ ಬೇಸಿಗೆಯಲ್ಲಿ ಕಲ್ಲು ಬಂದವು, ಪರಿಶೀಲನೆಯಾಯಿತು, ಕೆತ್ತನೆಯಾಯಿತು, ಸುಗ್ಗಿಯ ನಂತರ ತಿರಸ್ಕಾರವಾಯಿತು. ಮೂರನೆಯ ವರ್ಷ ಬೋಕಿಗಳ ಕೊರತೆ ತಲೆದೋರಿತು. ಊರಲ್ಲಿ ಒಡೆದುಬಿದ್ದಿದ್ದ ಮಡಕೆಯ ಚೂರುಗಳೆಲ್ಲ ಮುಗಿದಿದ್ದವು. ಬರೆದದ್ದನ್ನು ಕೆರೆದು ಮತ್ತೆ ಬರೆಯುವುದು ಆಜ್ಞೆಗೆ ಅಪಚಾರ. ಆದ್ದರಿಂದ ಮಂಡಳಿ ಹೆಲ್ದಾಯನಿಂದ ಹೊಸ ಮಡಕೆಗಳನ್ನು ತರಿಸಿಕೊಂಡು, ಹೆಬ್ಬಾಗಿಲ ಹಿಂದೆ ಶಾಸ್ತ್ರೋಕ್ತವಾಗಿ ಒಡೆಸತೊಡಗಿತು. ಮಿತವ್ಯಯದ ದೃಷ್ಟಿಯಿಂದ ಒಂದು ನಿಯಮವನ್ನೂ ಮಾಡಿತು: ಇನ್ನು ಮುಂದೆ ಕಲ್ಲಿನ ಸ್ವೀಕಾರಕ್ಕೆ ಬೋಕಿ ಬರೆಯುವುದಿಲ್ಲ, ತಿರಸ್ಕಾರಕ್ಕೆ ಮಾತ್ರ; ಸುಗ್ಗಿಯ ನಂತರದ ಎಳೆ ಚಂದ್ರ ಕಾಣುವ ದಿನದೊಳಗೆ ತಿರಸ್ಕಾರದ ಬೋಕಿ ಬಾರದ ಕಲ್ಲು ತಾನಾಗಿ ಸ್ವೀಕೃತವೆಂದು ತಿಳಿಯತಕ್ಕದ್ದು. ಎಲ್ಲ ಕಲ್ಲಿಗೂ ತಪ್ಪದೆ ಬೋಕಿ ಬರುತ್ತಿದ್ದುದರಿಂದ ಈ ನಿಯಮವನ್ನು ಯಾರೂ ಲಕ್ಷಿಸಲಿಲ್ಲ.

ಕುರಿಮರಿಯ ವಿಷಯವನ್ನೂ ಹೇಳಬೇಕು. ಪೀಠ ಸಿದ್ಧವಾದ ದಿನ ಮರಿಯಿಂದಾಗಿ ತಡವಾಗಬಾರದೆಂದು ಇತ್ರಾನ್ ಪ್ರತಿ ವರ್ಷವೂ ಒಂದು ವರ್ಷದ ಮರಿಯನ್ನು ಮೊದಲೇ ಮಂಡಳಿಗೆ ಒಪ್ಪಿಸಬೇಕಿತ್ತು. ಮೊದಲ ಸಲ ಯಾಜಕರು ಮರಿಯ ಕಣ್ಣು, ಕಿವಿ, ಗೊರಸು ಎಲ್ಲ ನೋಡಿ, ಹೊರಗೆ ಊನವಿಲ್ಲ ಎಂದರು. ಒಳಗೆ ಇಲ್ಲವೆಂದು ಹೇಗೆ ಹೇಳುವುದು ಎಂದು ಗೆಮಲ್ಲಿ ಕೇಳಿದ. ನ್ಯಾಯವಾದ ಪ್ರಶ್ನೆ. ಒಳಗನ್ನು ನೋಡಲಾಯಿತು. ನೋಡಿದ ಮೇಲೆ ಹಾಗೇ ಬಿಡುವಂತಿರಲಿಲ್ಲ, ಎಣ್ಣೆ ಜೀರಿಗೆ ಹಾಕಿ ಸುಡಲಾಯಿತು. ಯಾಜಕರು ಮುಂಗಾಲು ಮುಗಿಸಿ ತುಟಿ ಒರೆಸಿಕೊಂಡು, ಎಲ್ಲೂ ಊನವಿಲ್ಲ, ತೊಡೆಯಲ್ಲಂತೂ ಏನೂ ದೋಷವಿಲ್ಲ ಎಂದು ಮನಃಪೂರ್ವಕ ನುಡಿದರು. 'ಮರಿಯು ಒಳಗೂ ಹೊರಗೂ ಊನವಿಲ್ಲದ್ದಾಗಿತ್ತು' ಎಂಬ ಬೋಕಿಯನ್ನು ಇತ್ರಾನನಿಗೆ ಕೊಟ್ಟರು. ಆರು ವರ್ಷ ಕಳೆಯುವಷ್ಟರಲ್ಲಿ ಅಂಥ ಬೋಕಿಗಳು ಅವನ ಮನೆಯ ಗೋಡೆಯಲ್ಲಿ ಆರು ತೂಗುತ್ತಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬ ಮಾತು ಆ ಸೀಮೆಯಲ್ಲಿ ಇರಲಿಲ್ಲ, ಆದರೆ ಅದರ ಅನುಭವ ಇತ್ತು.

ಹೀಗೆ ಏಳನೆಯ ವರ್ಷ ಬಂತು. ಇತ್ರಾನನ ಕೂದಲು ಸೊಂಟ ದಾಟಿತ್ತು. ಗಡ್ಡ ಎದೆಯ ಮೇಲೆ ಹರಡಿತ್ತು. ದ್ರಾಕ್ಷಿ ತುಳಿಯುವ ತೊಟ್ಟಿಗೆ ಇಳಿಯುವಾಗ ಜಡೆಯನ್ನು ತಲೆಯ ಮೇಲೆ ಸುತ್ತಿ ಹಗ್ಗ ಕಟ್ಟಿಕೊಳ್ಳುತ್ತಿದ್ದ. ಸುತ್ತಲಿನವರು ಹಾಡುತ್ತಾ, ಬೊಗಸೆಯಲ್ಲಿ ರಸ ಮೊಗೆದು ಕುಡಿಯುತ್ತಾ ತುಳಿಯುವಾಗ, ತುಟಿಗೆ ಹಾರಿದ ಹನಿಯನ್ನು ಅವನು ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಹಾಗೆ ಒರೆಸಿಕೊಳ್ಳುವಾಗ ಅವನಿಗೆ ಅಳು ಬರುತ್ತಿತ್ತು. ಬೇತ್‌ಹರೂಲಿನಲ್ಲಿ ಅತ್ಯುತ್ತಮ ದ್ರಾಕ್ಷಿ ಬೆಳೆಯುವವನು ಅವನೇ, ಅದರ ರುಚಿ ಮರೆತಿದ್ದವನೂ ಅವನೊಬ್ಬನೇ.

ಹೊಗ್ಲಾಳ ಜೊತೆಯ ಹುಡುಗಿಯರೆಲ್ಲ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬಾವಿಗೆ ಬರುತ್ತಿದ್ದರು. ಅವಳು ಖಾಲಿ ಸೊಂಟದಲ್ಲಿ ಕೊಡ ಇಟ್ಟುಕೊಂಡು ಹೋಗುತ್ತಿದ್ದಳು. ಅಪ್ಪ ಹೆಲ್ದಾಯನಿಗೆ ಮಾತ್ರ ಇಷ್ಟು ಸುಖದ ಕಾಲ ಹಿಂದೆಂದೂ ಬಂದಿರಲಿಲ್ಲ. ಮಡಕೆ ಕೊಂಡ ಹೆಂಗಸು ಹತ್ತು ವರ್ಷ ಮತ್ತೆ ಮುಖ ತೋರಿಸುವುದಿಲ್ಲ. ಕೊಂಡ ದಿನವೇ ಒಡೆಯುವ ಗಿರಾಕಿ ಎಲ್ಲಿ ಸಿಗುತ್ತಾನೆ? ಬಾರ್ಲಿಯ ಕಣಜ ತುಂಬಿತ್ತು. ಅವನ ಕೈ ನಡುಗತೊಡಗಿ ನಾಲ್ಕು ವರ್ಷವಾಗಿತ್ತು, ಚಕ್ರದ ಮುಂದೆ ಕೂರುತ್ತಿದ್ದವಳು ಹೊಗ್ಲಾ.

ಆ ಬೇಸಿಗೆಯಲ್ಲಿ ಮಂಡಳಿಯಿಂದ ಹೆಲ್ದಾಯನಿಗೆ ಒಂದು ಬೋಕಿ ಬಂತು. ಮಡಕೆಗಳಿಗೆ ಹಿಡಿ ಇಡಬಾರದು, ಅಂಚಿಗೆ ಬಳ್ಳಿ ಬಿಡಿಸಬಾರದು, ಬರೆಯುವಾಗ ಅಡ್ಡ ಬರುತ್ತದೆ. ಸಾಧ್ಯವಾದರೆ ಮೊದಲೇ ಸ್ವಲ್ಪ ಬಿರುಕು ಬಿಟ್ಟಂತೆ ಸುಡುವುದು. ಹೊಗ್ಲಾ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದಳು. ಹಿಂಬದಿಯಲ್ಲಿ ಅವಳದೇ ಹೆಬ್ಬೆರಳಿನ ಒತ್ತು ಇತ್ತು. ಅವಳು ಎದ್ದು ನೆಟ್ಟಗೆ ದ್ರಾಕ್ಷಿ ತೋಟಕ್ಕೆ ನಡೆದಳು.

ಇತ್ರಾನ್ ಬಳ್ಳಿ ಕಟ್ಟುತ್ತಿದ್ದ. ಅವಳು ಬೋಕಿಯನ್ನು ಅವನ ಮುಂದೆ ಹಿಡಿದಳು.

"ನಾಲ್ಕು ವರ್ಷದಿಂದ ನಿನ್ನ ಕೂದಲು ಬೆಳೆಸ್ತಾ ಇರೋದು ನಾನೇ ಕಣೋ," ಎಂದಳು.

ಇತ್ರಾನನಿಗೆ ಅರ್ಥವಾಗಲಿಲ್ಲ. "ನೀನೇನು ಮಾಡಿದ್ದೀಯ ಪಾಪ?"

"ನಾನು ಮಾಡಿದ ಮಡಕೆ ಒಡೆದೇ ಅವರು ನಿನ್ನ ಕಲ್ಲು ಬೇಡ ಅಂತ ಬರೆಯೋದು. ನಾನು ಮಾಡದೇ ಇದ್ರೆ ಯಾತರ ಮೇಲೆ ಬರೀತಾರೆ, ಹಣೆ ಮೇಲಾ?"

ಮಾರನೆಯ ದಿನದಿಂದ ಹೊಗ್ಲಾಳ ಕೈ ಉಳುಕಿತು. ಹೆಲ್ದಾಯ್ ಬೈದ, ಬೇಡಿಕೊಂಡ, ಎಣ್ಣೆ ತಿಕ್ಕಿದ. ಗಿರಾಕಿ ಕೈತಪ್ಪಿದರೆ ನಿನ್ನ ಮದುವೆ ಊಟ ಎಲ್ಲಿಂದ ಹಾಕಲಿ ಎಂದ. ಮದುವೆಯೇ ಇಲ್ಲದೆ ಊಟ ಯಾಕಪ್ಪ ಎಂದು ಅವಳು ಕೇಳಿದಳು. ಗೆಮಲ್ಲಿ ಖುದ್ದಾಗಿ ಬಂದು ಮಣಿಕಟ್ಟನ್ನು ಪರಿಶೀಲಿಸಿ, ಹೊರಗೆ ಊನ ಕಾಣುತ್ತಿಲ್ಲ ಎಂದ. ಒಳಗಿದೆ ಎಂದಳು ಹೊಗ್ಲಾ. ಒಳಗನ್ನು ಪರಿಶೀಲಿಸುವ ಪದ್ಧತಿ ಏನೆಂದು ಅಲ್ಲಿದ್ದವರೆಲ್ಲ ಬಲ್ಲವರಾದ್ದರಿಂದ, ಗೆಮಲ್ಲಿ ಆ ಮಾತನ್ನು ಅಲ್ಲಿಗೇ ಬಿಟ್ಟ.

ಮನೆಮನೆಯ ಅಡುಗೆ ಮಡಕೆಗಳನ್ನು ತರಿಸಿ ಒಡೆಯೋಣ ಎಂದು ಸಭೆಯಲ್ಲಿ ಸೂಚನೆ ಬಂತು. ಆಗ ಯಾಜಕ ಎಲೀದಾದರು ಏಳು ವರ್ಷದಲ್ಲಿ ಮೊದಲ ಬಾರಿಗೆ ತುತ್ತನ್ನು ಕೆಳಗಿಟ್ಟು, "ಮತ್ತೆ ಬೇಯಿಸೋದು ಯಾತರಲ್ಲಿ?" ಎಂದು ಕೇಳಿದರು. ಸೂಚನೆ ಬಿದ್ದುಹೋಯಿತು.

ಹಾಗಾಗಿ ಆ ವರ್ಷ ಕಲ್ಲು ಕೆತ್ತಲು ಬುಕ್ಕಿಗೆ ಆಜ್ಞೆ ಹೋಗಲಿಲ್ಲ. ಆಜ್ಞೆಗೆ ಬೋಕಿ ಇರಲಿಲ್ಲ. ಮರಿಯ ಒಳಗನ್ನು ನೋಡಲಿಲ್ಲ. ನೋಡಿದ್ದನ್ನು ಬರೆದುಕೊಡಲು ಬೋಕಿ ಇರಲಿಲ್ಲ. ಸುಗ್ಗಿ ಮುಗಿಯಿತು. ಊರವರು ಎಂದಿನಂತೆ ಬೇಸಿಗೆಯಲ್ಲಿ ತಂದಿದ್ದ ಕಲ್ಲುಗಳು ತಿರಸ್ಕಾರವಿಲ್ಲದೆ ಗುಡ್ಡದ ಮೇಲೆ ಸುಮ್ಮನೆ ಬಿದ್ದಿದ್ದವು. ಸಂಜೆ ಪಡುವಣದಲ್ಲಿ ಎಳೆ ಚಂದ್ರ ಕಂಡಾಗ ಊರವರು ಗೆಮಲ್ಲಿಯ ಮುಖ ನೋಡಿದರು. ನಿಯಮ ಅವನ ಕೈಬರಹದಲ್ಲೇ ಹೆಬ್ಬಾಗಿಲಲ್ಲಿ ತೂಗುತ್ತಿತ್ತು. ಅವನು ಅದನ್ನು ಎರಡು ಸಲ ಓದಿ, ಕಲ್ಲುಗಳು ಸ್ವೀಕೃತ ಎಂದ. ಆಧಾರವಿಲ್ಲದ ಕಲ್ಲುಗಳು ಎಂದು ಮೆಲ್ಲಗೆ ಸೇರಿಸಿದ.

ಮರುದಿನ ಬೆಳಗ್ಗೆ ಹನ್ನೆರಡು ಮಂದಿ ಗುಡ್ಡ ಹತ್ತಿ, ಕಲ್ಲು ಪೇರಿಸಿ, ಸಂದಿಗೆ ಮಣ್ಣು ತುರುಕಿ, ಮಧ್ಯಾಹ್ನದ ರೊಟ್ಟಿಗೆ ಮನೆ ಸೇರಿದರು.

ಇತ್ರಾನ್ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು, ಸೊಂಟಕ್ಕೆ ಕ್ಷೌರದ ಕತ್ತಿ ಸಿಕ್ಕಿಸಿಕೊಂಡು, ಊರ ಜನರ ಮೆರವಣಿಗೆಯ ಮುಂದೆ ಗುಡ್ಡ ಏರಿದ. ಹೊಗ್ಲಾ ಪಕ್ಕದಲ್ಲೇ ಇದ್ದಳು. ಮದುವೆಯ ಜಾಡಿಯನ್ನು ಅವಳೇ ತಲೆಯ ಮೇಲೆ ಹೊತ್ತಿದ್ದಳು. ಪೀಠದಿಂದ ದೂರದಲ್ಲಿ ಕೊಯ್ದ ಮರಿಯ ಅರ್ಪಣೆ ಯಾವ ಅಡ್ಡಿಯೂ ಇಲ್ಲದೆ ನಡೆಯಿತು. ಹೊಗೆ ನೆಟ್ಟಗೆ ಮೇಲೆ ಹೋಯಿತು. ಇತ್ರಾನ್ ಪೀಠದ ಎದುರಿಗೆ ಮಂಡಿಯೂರಿ ಸೊಂಟದಿಂದ ಕತ್ತಿ ತೆಗೆದ.

"ಏನದು?" ಎಂದ ಗೆಮಲ್ಲಿ.

"ಕ್ಷೌರದ ಕತ್ತಿ ಅಯ್ಯನವರೇ."

"ಕಬ್ಬಿಣದ್ದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇತ್ರಾನನದು ಬಾಯೊಳಗೆ ಹೋದ ತುತ್ತು. ತಲೆಗೆ ತಾಗಿಸುವುದು, ಕಲ್ಲಿಗಲ್ಲವಲ್ಲ ಎಂದು ಅವನು ಅಂಗಲಾಚಿದ. ಪೀಠದ ಎದುರು ಕಬ್ಬಿಣ ಎತ್ತಿ, ಕೈಜಾರಿ ಕಲ್ಲಿಗೆ ಬಿದ್ದರೆ ಏಳು ವರ್ಷದ ಕೆಲಸ ಹಾಳಾಗುತ್ತದೆ ಎಂದು ಗೆಮಲ್ಲಿ ಬಹಳ ಮರುಕದಿಂದ ವಿವರಿಸಿದ. ಏಳು ವರ್ಷವೆಂದು ಕೇಳಿ ಜನರಿಗೂ ಅದು ಸರಿಯೆನಿಸಿತು. ಕೆಳಗೆ ಮನೆಯಲ್ಲಿ ಬೋಳಿಸಿಕೊಂಡು ಬಂದರೆ ಆಗುವುದಿಲ್ಲ. ಪೀಠದ ಎದುರಿಗೇ ಆಗಬೇಕೆಂಬುದು ವ್ರತದ ವಿಧಿ.

ಬುಕ್ಕಿ ಮುಂದೆ ಬಂದು ತನ್ನ ಚೀಲದಿಂದ ಚಕಮಕಿ ಕಲ್ಲಿನ ಅಲಗೊಂದನ್ನು ತೆಗೆದ. ಅಜ್ಜನ ಕಾಲದ್ದು, ಗಂಡುಮಕ್ಕಳ ಸುನ್ನತಿಗೆ ಬಳಸುತ್ತಿದ್ದದ್ದು, ಕಬ್ಬಿಣದ ಸೋಂಕಿಲ್ಲ ಎಂದ. ಗೆಮಲ್ಲಿ ಅದನ್ನು ಬೆಳಕಿಗೆ ಹಿಡಿದು, ಇದಕ್ಕೆ ಅಂಚು ಹೇಗೆ ಬಂತು ಎಂದು ಕೇಳಿದ. ಕಲ್ಲಿನಿಂದ ಕಲ್ಲನ್ನು ಒಡೆದು ಮಾಡಿದ್ದು ಎಂದ ಬುಕ್ಕಿ. ಅಂದರೆ ಇದು ಕೆತ್ತಿದ ಕಲ್ಲು. ಈ ಗುಡ್ಡದ ಮೇಲೆ ಕೆತ್ತದ ಕಲ್ಲಿಗೆ ಮಾತ್ರ ಅವಕಾಶ ಎಂದು ಗೆಮಲ್ಲಿ ಅದನ್ನು ಹಿಂದಿರುಗಿಸಿದ. ಹಾಗಾದರೆ ಕೆತ್ತದ ಕಲ್ಲಿನಿಂದ ಬೋಳಿಸಬಹುದೇ ಎಂದು ಗುಂಪಿನಲ್ಲಿ ಯಾರೋ ನಗೆಯಾಡಿದರು. ಗೆಮಲ್ಲಿಗೆ ನಗೆಯ ಅಭ್ಯಾಸವಿರಲಿಲ್ಲ. ಬೋಳಿಸಬಹುದು ಎಂದ.

ಹಳ್ಳದಿಂದ ಒಂದು ಗುಂಡುಕಲ್ಲು ತರಿಸಿದರು. ನೀರಿನಲ್ಲಿ ಉರುಳಿ ಉರುಳಿ ನುಣುಪಾದ ಕಲ್ಲು, ಮೊಸರನ್ನೂ ಕೊಯ್ಯುವಂತಿರಲಿಲ್ಲ. ಯಾಜಕರು ಅದನ್ನು ಇತ್ರಾನನ ನೆತ್ತಿಯ ಮೇಲಿಟ್ಟು, ಹಣೆಯಿಂದ ಹಿಂದಲೆಯವರೆಗೆ ಮೂರು ಸಲ ಭಕ್ತಿಯಿಂದ ಎಳೆದರು. ಮೂರನೆಯ ಎಳೆತಕ್ಕೆ ಒಂದು ಕೂದಲು ಕಿತ್ತು ಬಂತು. ಅದನ್ನು ಬೆಂಕಿಗೆ ಹಾಕಿದರು. ಚುರ್ ಎಂದಿತು, ಸ್ವಲ್ಪ ವಾಸನೆಯೂ ಬಂತು. "ಮುಂಡನವಾಯಿತು," ಎಂದರು ಯಾಜಕರು.

ಇತ್ರಾನ್ ಎದ್ದು ನಿಂತ. ಜಡೆ ಸೊಂಟದಿಂದ ಕೆಳಗೆ ಜೋತಾಡುತ್ತಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆಮಲ್ಲಿ ಮಾತ್ರ ಕೈಯಲ್ಲಿ ಮಸಿ ಹಿಡಿದು, ಬರೆದುಕೊಡದೆ ಇದು ಊರ್ಜಿತವಲ್ಲ, ಬರೆಯಲು ಬೋಕಿ ಬೇಕು ಎಂದ. ಗುಡ್ಡದ ಮೇಲೆ ಒಡೆಯಬಹುದಾದ ಮಣ್ಣಿನ ವಸ್ತುವೆಂದರೆ ಹೊಗ್ಲಾಳ ತಲೆಯ ಮೇಲಿನ ಜಾಡಿ ಒಂದೇ.

ಹೊಗ್ಲಾ ಜಾಡಿಯನ್ನು ಕೆಳಗಿಳಿಸಿದಳು. ಇತ್ರಾನನ ಜಡೆಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ಅವನ ಕಣ್ಣಂಚಿನಲ್ಲಿ ಗೆರೆಗಳು ಮೂಡಿದ್ದವು. ಹರಕೆ ಹೊತ್ತ ದಿನ ಅವು ಇರಲಿಲ್ಲ.

"ಬೋಳು ಅಂತ ಬರೆದ್ರೆ ಮದುವೆ ಆಗುತ್ತಾ ಅಯ್ಯನವರೇ?"

"ಈಗಲೇ ಆಗುತ್ತಮ್ಮ."

"ಇನ್ಯಾರೂ ಪರಿಶೀಲನೆ ಮಾಡಲ್ಲ?"

"ಬರೆದ ಮೇಲೆ ತಲೆ ನೋಡೋ ಅಗತ್ಯ ಯಾರಿಗೂ ಇರಲ್ಲ."

ಅವಳು ಜಾಡಿಯ ಮುಚ್ಚಳವನ್ನು ಕಿತ್ತು ಕಲ್ಲಿಗೆ ಕುಕ್ಕಿ ಎರಡು ಹೋಳು ಮಾಡಿದಳು. ಒಂದು ಹೋಳನ್ನು ಕೊಟ್ಟಳು. ಗೆಮಲ್ಲಿ ಬರೆದ: 'ದ್ರಾಕ್ಷಿ ತೋಟದ ಇತ್ರಾನನು ಈ ದಿನ ಪೀಠದ ಎದುರಿನಲ್ಲಿ ಬೋಳಾಗಿದ್ದಾನೆ. ವ್ರತ ಸಂಪೂರ್ಣ.' ಅದನ್ನು ಗಟ್ಟಿಯಾಗಿ ಓದಿದಾಗ ಹೆಂಗಸರು ಹರ್ಷದಿಂದ ಕೂಗಿದರು.

ಏಳು ವರ್ಷ ಮುಚ್ಚಿಟ್ಟಿದ್ದ ರಸ ಹುಳಿಯಾಗಿತ್ತು. ಮುಚ್ಚಳ ತೆಗೆದ ಕೂಡಲೇ ಹತ್ತಿರದಲ್ಲಿದ್ದವರ ಕಣ್ಣಲ್ಲಿ ನೀರು ಬಂತು. ಆದರೆ ಮದುವೆಯ ಬಟ್ಟಲಿನ ರಸ ಸಿಹಿಯಾಗಿರುವುದು ವಾಡಿಕೆ. ಮೊದಲ ಗುಟುಕು ಯಾಜಕರದು. ಅವರು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿ, ಸಿಹಿಯಾಗಿದೆ ಎಂದರು. ಗೆಮಲ್ಲಿ ಕುಡಿದು ಸಿಹಿ ಎಂದ. ಹೆಲ್ದಾಯ್ ಕುಡಿದು ಕೆಮ್ಮಿ, ಇಂಥ ಸಿಹಿ ಕಂಡಿಲ್ಲ ಅಳಿಯಂದಿರೇ ಎಂದ. ಇತ್ರಾನ್ ಬಟ್ಟಲೆತ್ತಿ ಕುಡಿದ. ಏಳು ವರ್ಷದಿಂದ ದ್ರಾಕ್ಷಿಯ ರುಚಿ ಕಾಣದ ನಾಲಿಗೆಗೆ ಹೋಲಿಸಲು ಬೇರೇನೂ ಇರಲಿಲ್ಲ. ಅವನು ಕಣ್ಣೊರೆಸಿಕೊಂಡು, ಸಿಹಿಯಾಗಿದೆ ಎಂದ. ಹೊಗ್ಲಾ ಮಿಕ್ಕಿದ್ದನ್ನು ಒಂದೇ ಉಸಿರಿಗೆ ಕುಡಿದು ಬಟ್ಟಲನ್ನು ಕವುಚಿಟ್ಟಳು. ಮದುವೆಯಾಯಿತು. ಹಾಡುವವರು ಮದುಮಗನ ತಲೆ ತಿಂಗಳಿನಂತೆ ಹೊಳೆಯುತ್ತದೆಂದು ಹಾಡಿದರು.

ಮೂರು ದಿನದ ಮೇಲೆ ಹೊಗ್ಲಾಳ ಕೈ ಸರಿಹೋಯಿತು. ಮಂಡಳಿಯನ್ನು ವಿಸರ್ಜಿಸಲಿಲ್ಲ, ಕಟ್ಟಿದ ಪೀಠಕ್ಕೆ ಕಾವಲು ಬೇಕಲ್ಲ. ಅವಳು ಮಾಡಿಕೊಟ್ಟ ಮೊದಲ ಮಡಕೆಯ ಮೊದಲ ಬೋಕಿಯಲ್ಲಿ, ಬೋಳೆಂದು ಘೋಷಿತವಾದ ತಲೆಗೆ ಯಾರೇ ಆಗಲಿ ಕತ್ತಿ ಹಾಕಿದರೆ ಅದು ಪೀಠದ ಪಾವಿತ್ರ್ಯವನ್ನು ಶಂಕಿಸಿದಂತೆ ಎಂದು ಬಂತು. ಇತ್ರಾನ್ ಅದನ್ನು ಓದಿ ತಲೆಯಾಡಿಸಿದ. ಜಡೆಯೂ ಆಡಿತು. ದಾರಿಯಲ್ಲಿ ಸಿಕ್ಕವರು ತಲೆ ಹಗುರವಾಯಿತೇ ಎಂದು ಕೇಳುತ್ತಿದ್ದರು. ಮೊದಮೊದಲು ಅವನು ಸುಮ್ಮನೆ ನಗುತ್ತಿದ್ದ. ಆಮೇಲೆ ಬಹಳ ಹಗುರ ಎನ್ನತೊಡಗಿದ. ಚಳಿಗಾಲ ಬಂದಾಗ, ನೆತ್ತಿಗೆ ತಣ್ಣಗಾಗುತ್ತದೆಂದು ಕುರಿಯುಣ್ಣೆಯ ಟೋಪಿ ಹೊಲಿಸಿಕೊಂಡ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಇತ್ರಾನ್ ತೋಟದ ಗುಡಿಸಲ ಮುಂದೆ ದ್ರಾಕ್ಷಿಯ ಗೊಂಚಲು ಹಿಡಿದು ಕೂತಿದ್ದ. ಒಂದೊಂದೇ ಹಣ್ಣನ್ನು ಬಾಯಿಗೆ ಹಾಕಿಕೊಂಡು, ಯಾಕೋ ಮದುವೆಯ ದಿನದಷ್ಟು ಸಿಹಿಯಿಲ್ಲ ಎನ್ನುತ್ತಿದ್ದ. ಹೊಗ್ಲಾ ಎಣ್ಣೆಯ ಕುಡಿಕೆ ತಂದು ಅವನ ಹಿಂದೆ ಕೂತು, ಜಡೆ ಬಿಚ್ಚಿ, ಬೆರಳಲ್ಲಿ ಸಿಕ್ಕು ಬಿಡಿಸತೊಡಗಿದಳು. ಕೂದಲು ನೆಲದ ಮೇಲೆ ಸುರುಳಿ ಸುತ್ತಿ ಬಿದ್ದಿತ್ತು. ಅರ್ಧ ಕುಡಿಕೆ ಎಣ್ಣೆ ಮುಗಿದರೂ ಇನ್ನೂ ಅರ್ಧ ಜಡೆ ಉಳಿದಿತ್ತು.

"ಮೆಲ್ಲಗೆ ಹಚ್ಚೇ," ಎಂದ ಇತ್ರಾನ್. "ಬೋಳು ತಲೆ. ಬಿಸಿಲಿಗೆ ಸುಟ್ಟಿದೆ, ಉರೀತಾ ಇದೆ."

ಹೊಗ್ಲಾಳ ಕೈ ಒಂದು ಕ್ಷಣ ನಿಂತಿತು. ಅವನು ತಮಾಷೆ ಮಾಡುತ್ತಿರಬಹುದೆಂದು ಬಗ್ಗಿ ಅವನ ಮುಖ ನೋಡಿದಳು. ಅಲ್ಲಿ ತಮಾಷೆ ಇರಲಿಲ್ಲ. ಅವಳು ಜಡೆಯನ್ನು ಮಡಿಲಿಗೆ ಎಳೆದುಕೊಂಡು, ಕೂದಲನ್ನು ಎರಡು ಕೈಯಲ್ಲಿ ಸರಿಸಿ ನೆತ್ತಿಯನ್ನು ನೋಡಿದಳು.

"ಹೌದು," ಎಂದಳು. "ಸ್ವಲ್ಪ ಕೆಂಪಾಗಿದೆ."